ಹಳೆಯ ತಾರೀಕು

ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಲಕೋಟೆಗಳ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಲಕೋಟೆಯಕ್ಕ ಎಂದೇ. ಮೊದಲು ಅವಳದು ಹೊರುವ ಕೆಲಸ. ಯಂತ್ರದವನು ಯಾರದೋ ಎದೆಯನ್ನೋ ತಲೆಯನ್ನೋ ಫಿಲ್ಮಿನ ಮೇಲೆ ಇಳಿಸಿಕೊಟ್ಟರೆ, ಅದನ್ನು ದೊಡ್ಡ ಕಂದು ಲಕೋಟೆಗೆ ಹಾಕಿ, ಬಸ್ಸಿನಲ್ಲಿ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದು, ಅಲ್ಲಿ ಚಿತ್ರ ಓದುವ ಡಾಕ್ಟರ ಮೇಜಿನ ಮೇಲಿಟ್ಟು ಬರಬೇಕು. ಬಸ್ಸಿನಲ್ಲಿ ಯಾರಾದರೂ ಆ ಲಕೋಟೆಗೆ ಒರಗಿದರೋ, ಅವಳು ಕೊಡುವ ಒಂದು ನೋಟಕ್ಕೆ ಮುಂದಿನ ಸ್ಟಾಪಿನಲ್ಲೇ ಇಳಿದುಹೋಗಬೇಕು ಅನ್ನಿಸಿಬಿಡುತ್ತಿತ್ತು. ಒಂದೇ ಒಂದು ಲಕೋಟೆ ಮಡಚಿದ್ದಿಲ್ಲ, ನೆನೆದಿದ್ದಿಲ್ಲ, ತಪ್ಪಿದ್ದಿಲ್ಲ. ಆ ಹೆಸರು ಅವಳಿಗೆ ಬಿರುದಿನಂತೆಯೇ ಇತ್ತು, ಮತ್ತು ಅವಳು ಅದನ್ನು ಬಿರುದಿನಂತೆಯೇ ಹೊತ್ತು ತಿರುಗುತ್ತಿದ್ದಳು.

ಆಮೇಲೆ ತಂತಿ ಬಂತು. ಚಿತ್ರಗಳು ಫಿಲ್ಮು ಬಿಟ್ಟು ಕಂಪ್ಯೂಟರಿನೊಳಗೆ ಹೋಗಿ ಕೂತವು. ಹೊರುವವರನ್ನೆಲ್ಲ ಮನೆಗೆ ಕಳಿಸಿದ ಮ್ಯಾನೇಜರು ಇವಳೊಬ್ಬಳನ್ನು ಉಳಿಸಿಕೊಂಡು, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕೀಬೋರ್ಡು ಕೊಟ್ಟು, ಇನ್ನು ಕೂತಲ್ಲಿಂದಲೇ ಕಳಿಸಮ್ಮ ಎಂದರು. ಕೋಣೆಯ ಕಿಟಕಿ ಬೀದಿಯ ಮಟ್ಟಕ್ಕಿತ್ತು. ಹೊರಗೆ ನೋಡಿದರೆ ಬರೀ ಕಾಲುಗಳು. ಚಪ್ಪಲಿ, ಬೂಟು, ಗಾಲಿಕುರ್ಚಿಯ ಗಾಲಿ. ಗೋಡೆಯ ನೀರಿನ ಪೈಪು ಸದಾ ಬೆವರುತ್ತಿತ್ತು. ಬಂದ ಹೊಸದರಲ್ಲಿ ಇದೆಂಥ ಗ್ರಹಚಾರ ಎಂದು ಅವಳಿಗೆ ಅನ್ನಿಸಿದ್ದು ನಿಜ.

ಕಲಿಸಲು ಬಂದವನು ಒಬ್ಬ ಕಂಪ್ಯೂಟರಿನವನು. ಬಟನ್ ಒತ್ತುವ ಚಂದದ ಪರದೆ ಅವನ ಬಳಿ ಇರಲಿಲ್ಲ. ಇದ್ದದ್ದು ಒಂದು ಕಪ್ಪು ಕಿಟಕಿ, ಅದರಲ್ಲಿ ಮಿಣಮಿಣ ಅನ್ನುವ ಒಂದು ಗೀಟು. ಅಲ್ಲಿ ಫೈಲು ಸಾಗಿಸುವ ಪ್ರೋಗ್ರಾಮಿನ ಹೆಸರು ಬರೆಯಬೇಕು, ಯಾವುದನ್ನು ಎಂದು ಬರೆಯಬೇಕು, ಎಲ್ಲಿಗೆ ಎಂದು ಬರೆಯಬೇಕು. ನಡುವೆ ಅಡ್ಡಗೀಟು ಹಾಕಿ ಅಕ್ಷರಗಳು. ಕೆಲಸ ಏನು ಅನ್ನುವುದು ಪ್ರೋಗ್ರಾಮಿಗೆ ಗೊತ್ತು, ಹೇಗೆ ಮಾಡಬೇಕು ಅನ್ನುವುದು ಈ ಅಕ್ಷರಗಳಿಂದ ಗೊತ್ತಾಗಬೇಕು ಎಂದು ಅವನು ವಿವರಿಸಿದ. ಅವಳಿಗೆ ತಟ್ಟನೆ ಅರ್ಥವಾಯಿತು, ಯಾಕೆಂದರೆ ಅವಳು ಒಬ್ಬ ತಮ್ಮನನ್ನು ಸಾಕಿದವಳು. ಚಿಕ್ಕವನಿದ್ದಾಗ ಅವನಿಗೆ ಅಂಗಡಿಗೆ ಹೋಗಿ ಬಾ ಎಂದರೆ ಹೋಗಿ ಬರುತ್ತಿದ್ದ, ಬರಿಗೈಯಲ್ಲಿ. ಏನು ತರಬೇಕು, ಯಾವ ದಾರಿಯಲ್ಲಿ ಬರಬೇಕು, ಎಲ್ಲಿ ನಿಲ್ಲಬಾರದು, ಎಲ್ಲವನ್ನೂ ಬಿಡಿಸಿ ಹೇಳಬೇಕಿತ್ತು. ಹೇಳದೆ ಬಿಟ್ಟದ್ದು ನಮ್ಮ ತಪ್ಪು, ಅವನದಲ್ಲ.

ಆ ಅಕ್ಷರಗಳನ್ನು ಅವಳು ಒಂದೊಂದಾಗಿ ಕೈವಶ ಮಾಡಿಕೊಂಡಳು. ವಿ ಹಾಕಿದರೆ ಪ್ರೋಗ್ರಾಮು ತಾನು ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತದೆ. ಎನ್ ಹಾಕಿದರೆ ಏನು ಮಾಡುತ್ತೇನೆಂದು ಹೇಳುತ್ತದೆಯೇ ಹೊರತು ಮಾಡುವುದಿಲ್ಲ. ಇಂಥವರು ನಮ್ಮಲ್ಲೂ ಇದ್ದಾರೆ ಎಂದು ಅವಳು ಮ್ಯಾನೇಜರ ಬಾಗಿಲ ಕಡೆ ಕಣ್ಣು ಹೊಡೆಯುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾದದ್ದು ಟಿ. ಟಿ ಹಾಕಿದರೆ ಚಿತ್ರ ಇಲ್ಲಿ ತೆಗೆದ ದಿನದ ತಾರೀಕನ್ನೇ ಹೊತ್ತುಕೊಂಡು ಅಲ್ಲಿಗೆ ಹೋಗುತ್ತದೆ. ಹಾಕದಿದ್ದರೆ ಅಲ್ಲಿಗೆ ತಲುಪಿದ ಹೊತ್ತೇ ಅದರ ತಾರೀಕಾಗುತ್ತದೆ. ದೊಡ್ಡಾಸ್ಪತ್ರೆಯ ಡಾಕ್ಟರ ಪರದೆಯಲ್ಲಿ ಹೊಸ ತಾರೀಕಿನವು ಮೇಲೆ ಬರುತ್ತವೆ, ಅವರು ಮೇಲಿನಿಂದ ಓದುತ್ತ ಹೋಗುತ್ತಾರೆ. ಒಮ್ಮೆ ಅವಳು ಟಿ ಮರೆತು ಹಳೆಯ ಚಿತ್ರಗಳನ್ನು ಮತ್ತೆ ಕಳಿಸಿದಾಗ ಅವೆಲ್ಲ ಹೊಸ ರೋಗಿಗಳಂತೆ ಮೇಲೆ ಬಂದು ಕೂತು ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ಅವಳು ಟಿ ಬಿಟ್ಟದ್ದೇ ಇಲ್ಲ. ಈ ಒಂದಕ್ಷರ ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿತು ಎನ್ನುವುದೇ ಈ ಕತೆ. ಅವಳ ಮೇಲೆ ನನಗೆ ಪ್ರೀತಿಯಿದೆ, ಸಿಟ್ಟೂ ಇದೆ, ಎರಡನ್ನೂ ಮುಚ್ಚಿಡುವುದಿಲ್ಲ.

ತಮ್ಮನ ವಿಷಯ ಹೇಳಬೇಕು. ಅಮ್ಮ ತೀರಿಕೊಂಡಾಗ ಅವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಇದ್ದೂ ಇಲ್ಲದಂತಿದ್ದ ಮನುಷ್ಯ. ಅವಳಿಗೆ ಸಂಬಂಧಗಳು ಬಂದಾಗಲೆಲ್ಲ, ಇವನು ಇನ್ನೊಂದಿಷ್ಟು ದೊಡ್ಡವನಾಗಲಿ ಎಂದು ಮುಂದೂಡುತ್ತ ಮುಂದೂಡುತ್ತ, ಕೊನೆಗೆ ಅವಳು ಮಾಡಿಸಿದ್ದು ಅವನ ಮದುವೆಯನ್ನೇ. ಅವನು ಮರದ ಸಾಮಾನಿಗೆ ಪಾಲಿಶ್ ಹೊಡೆಯುವ ಕೆಲಸಗಾರ. ಮೇಜು, ಕುರ್ಚಿ, ಮಂಚಗಳನ್ನು ಉಜ್ಜಿ, ಬಣ್ಣ ಎರಚಿ, ಕನ್ನಡಿಯಂತೆ ಹೊಳೆಸಿಕೊಡುತ್ತಿದ್ದ. ಸಂಜೆ ಅವನು ಮನೆಗೆ ಬಂದರೆ ಮನೆಯೆಲ್ಲ ವಾರ್ನಿಶ್ಶಿನ ವಾಸನೆ. ಕೆಳಗಿನ ಮನೆಯಲ್ಲಿ ಅವನು, ಅವನ ಹೆಂಡತಿ. ಮೇಲಿನ ಒಂದೇ ಕೋಣೆಯಲ್ಲಿ ಅಕ್ಕ. ಊಟ ಮೂವರದೂ ಒಟ್ಟಿಗೆ. ಯಾವ ಮಾತಿಗೂ ಅವನು ಕೊನೆಗೆ ಹೇಳುತ್ತಿದ್ದದ್ದು ಒಂದೇ, ಅಕ್ಕನನ್ನು ಕೇಳಿ.

ಆ ವರ್ಷ ಅವನಿಗೆ ಕೆಮ್ಮು ಹಿಡಿಯಿತು. ಧೂಳಿನ ಕೆಮ್ಮು ಎಂದು ಎಲ್ಲರೂ ಅಂದರು, ಅವನೂ ಅಂದ. ಬಾಟಲಿಗಟ್ಟಲೆ ಔಷಧಿ ಕುಡಿದರೂ ಹೋಗಲಿಲ್ಲ. ಅಕ್ಕನಿಗೆ ಸಂಜೆಯಾದರೆ ಮನೆಗೆ ಓಡುವ ತವಕ. ಸರಿಯಾಗಿ ಆ ಹೊತ್ತಿನಲ್ಲೇ ಸೆಂಟರಿನಲ್ಲಿ ಹೊಸ ತಲೆನೋವು ಶುರುವಾಗಿತ್ತು. ದೊಡ್ಡಾಸ್ಪತ್ರೆಯ ಕಂಪ್ಯೂಟರು ತನ್ನಲ್ಲಿಗೆ ಬಂದ ಪ್ರತಿ ಚಿತ್ರಕ್ಕೂ ಒಂದು ಮುದ್ರೆ ಒತ್ತತೊಡಗಿತ್ತು. ಮುದ್ರೆ ಬಿದ್ದ ಚಿತ್ರ ಇಲ್ಲಿಯದಕ್ಕಿಂತ ಬೇರೆಯಾಗಿ ಕಾಣುತ್ತದೆ. ನಮ್ಮ ಪ್ರೋಗ್ರಾಮು ಎರಡೂ ಕಡೆಯದನ್ನು ಹೋಲಿಸಿ, ಬೇರೆ ಕಂಡದ್ದನ್ನೆಲ್ಲ ಮತ್ತೆ ಸಾಗಿಸುವ ನಿಷ್ಠಾವಂತ. ಹೀಗೆ ಕಳಿಸಿದ್ದನ್ನೇ ಕಳಿಸಿ, ಕಳಿಸಿದ್ದನ್ನೇ ಕಳಿಸಿ, ತಂತಿ ತುಂಬಿಹೋಗಿ ಹೊಸ ರೋಗಿಗಳ ಚಿತ್ರ ಸಾಲಿನಲ್ಲಿ ಕಾಯುತ್ತಿತ್ತು. ಅವಳು ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ.

ಕಂಪ್ಯೂಟರಿನವನು ಆಗಲೇ ಬೇರೆ ಕೆಲಸಕ್ಕೆ ಹೋಗಿದ್ದ. ಆದರೂ ಫೋನು ಮಾಡಿದರೆ ಎತ್ತುವಷ್ಟು ಒಳ್ಳೆಯವನು. ಅದಕ್ಕೊಂದು ಆಯ್ಕೆ ಇದೆ ಎಂದ. ಎರಡು ಅಡ್ಡಗೀಟು ಹಾಕಿ ಉದ್ದಕ್ಕೆ ಬರೆಯುವಂಥದ್ದು. ಆ ಹೆಸರಿನ ಫೈಲು ಅಲ್ಲಿ ಆಗಲೇ ಇದ್ದರೆ ಅದನ್ನು ಮುಟ್ಟದೆ ಮುಂದೆ ಹೋಗು ಎಂದು ಅದರ ಅರ್ಥ. ಬರೆಸಿ ಮುಗಿಸಿದ ಮೇಲೆ ಅವನು ಒಂದು ಪ್ರಶ್ನೆ ಕೇಳಿದ. ಕೇಳಬೇಕಾದ ಪ್ರಶ್ನೆಯೇ.

"ಒಂದ್ಸಲ ಕಳಿಸಿದ ಮೇಲೆ ಅದೇ ಹೆಸರಲ್ಲಿ ಫೈಲು ನಿಮ್ಮಲ್ಲಿ ಬದಲಾಗತ್ತಾ ಅಕ್ಕ?"

"ಯಾಕೆ ಬದಲಾಗತ್ತೆ. ಎದೆ ಎದೆನೇ, ತಲೆ ತಲೆನೇ," ಎಂದು ಅವಳು ನಕ್ಕಳು. ಅವನೂ ನಕ್ಕು ಫೋನಿಟ್ಟ.

ಬದಲಾಗುತ್ತಿತ್ತು. ರೋಗಿ ಅಲ್ಲಾಡಿದರೆ, ಉಸಿರು ಹಿಡಿ ಎಂದಾಗ ಹಿಡಿಯದಿದ್ದರೆ ಚಿತ್ರ ಕಲಸಿಹೋಗುತ್ತದೆ. ಯಂತ್ರದವನು ಆಮೇಲೆ ಪುರಸೊತ್ತಿನಲ್ಲಿ ನೋಡಿ, ಹೊರಗೆ ಬೆಂಚಿನ ಮೇಲೆ ಕೂತವರನ್ನು ಮತ್ತೆ ಕರೆದು ಇನ್ನೊಂದು ತೆಗೆಯುತ್ತಿದ್ದ. ಚಿತ್ರದ ಫೈಲಿಗೆ ಅದರ ನಂಬರೇ ಹೆಸರು. ಹೊಸ ನಂಬರು ಬೇಕೆಂದರೆ ಮ್ಯಾನೇಜರನ್ನು ಹುಡುಕಬೇಕು, ಅವರ ಗೊಣಗಾಟ ಕೇಳಬೇಕು. ಅದಕ್ಕಿಂತ ಹಳೆಯ ನಂಬರಿನ ಮೇಲೇ ಹೊಸ ಚಿತ್ರ ಉಳಿಸಿಬಿಡುವುದು ಸುಲಭ. ಆ ಕಟ್ಟಡದಲ್ಲಿ ಅದನ್ನು ಯಾರೂ ಬದಲಾವಣೆ ಎಂದು ಕರೆಯುತ್ತಿರಲಿಲ್ಲ, ಸರಿ ಮಾಡಿದ್ದು ಎನ್ನುತ್ತಿದ್ದರು. ಅಷ್ಟರೊಳಗೆ ಲಕೋಟೆಯಕ್ಕ ಕೆಟ್ಟ ಚಿತ್ರವನ್ನು ಕಳಿಸಿಯೇಬಿಟ್ಟಿರುತ್ತಿದ್ದಳು. ಹಿಂದೆಲ್ಲ ಅದರಿಂದ ಏನೂ ಕೆಡುತ್ತಿರಲಿಲ್ಲ, ಮುಂದಿನ ಸಲ ಒಳ್ಳೆಯದು ಹೋಗಿ ಕೆಟ್ಟದ್ದರ ಮೇಲೆ ಕೂತುಬಿಡುತ್ತಿತ್ತು. ಇನ್ನು ಮೇಲೆ ಕೂರುವುದಿಲ್ಲ. ಅಲ್ಲಿ ಆಗಲೇ ಒಂದು ಇದೆಯಲ್ಲ, ಮುಟ್ಟಬೇಡ ಎಂದು ಅವಳೇ ಹೇಳಿದ್ದಾಳೆ.

ಅವತ್ತು ಸಂಜೆ ಅವಳು ಬೆಳಕಿರುವಾಗಲೇ ಮನೆ ಸೇರಿದಳು. ಮರುದಿನ ಮ್ಯಾನೇಜರು ಬಂದು, ಏನು ಮಂತ್ರ ಹಾಕಿದೆಯಮ್ಮ, ತಂತಿ ಗಾಳಿಯ ಹಾಗೆ ಓಡುತ್ತಿದೆ ಎಂದು ಹೊಗಳಿದರು. ಅವಳು ಹೊಗಳಿಕೆಗೆ ಉಬ್ಬುವ ಹೆಂಗಸಲ್ಲ, ಆದರೆ ಅವತ್ತು ಉಬ್ಬಿದಳು.

ಬೇಗ ಮನೆಗೆ ಬಂದದ್ದರಿಂದಲೇ ತಮ್ಮನ ಕೆಮ್ಮು ಅವಳ ಕಿವಿಗೆ ಸರಿಯಾಗಿ ಬಿದ್ದದ್ದು. ಆ ವಾರವೇ ಅವನ ಕೈಹಿಡಿದು ಎಳೆದುಕೊಂಡು ಬಂದು ಯಂತ್ರದ ಮುಂದೆ ನಿಲ್ಲಿಸಿದಳು. ಉಸಿರು ಹಿಡಿಯಿರಿ ಎಂದು ಯಂತ್ರದವನು ಅಂದ ಕೂಡಲೇ ತಮ್ಮನಿಗೆ ಕೆಮ್ಮು ಬಂತು. ಅವನು ಕೆಮ್ಮಿ, ಕ್ಷಮಿಸಿ ಎಂದು ನಕ್ಕ. ಅಕ್ಕ ಕೋಣೆಗೆ ಹೋಗಿ, ಬೇರೆ ಯಾರ ಚಿತ್ರಕ್ಕೂ ಮಾಡದ ಅವಸರ ಮಾಡಿ, ಅವನದನ್ನು ಒಂದೇ ಉಸಿರಿಗೆ ಕಳಿಸಿದಳು. ಆಮೇಲೆ ಯಂತ್ರದವನು ತಮ್ಮನನ್ನು ಮತ್ತೆ ಕರೆದ, ಮತ್ತೆ ನಿಲ್ಲಿಸಿದ, ಈ ಸಲ ಚಿತ್ರ ಗಾಜಿನಂತೆ ಬಂತು. ಅವಳು ಮತ್ತೆ ಆಜ್ಞೆ ಕೊಟ್ಟಳು. ಪ್ರೋಗ್ರಾಮು ಎಲ್ಲ ಮುಗಿಯಿತು ಎಂದಿತು. ಅದು ಸುಳ್ಳು ಹೇಳುವ ಜಾತಿಯಲ್ಲ. ಹೇಳಿದಷ್ಟನ್ನು ಮುಗಿಸಿತ್ತು.

ಏನೂ ದೋಷ ಕಾಣುವುದಿಲ್ಲ ಎಂದು ವರದಿ ಬಂತು. ತಮ್ಮನ ಹೆಂಡತಿ ಅತ್ತೇಬಿಟ್ಟಳು, ಸಂತೋಷಕ್ಕೆ. ತಮ್ಮ ಅಕ್ಕಪಕ್ಕದವರಿಗೆಲ್ಲ ತನ್ನ ಎದೆ ಹೊಸ ಮಂಚದ ಹಾಗಿದೆಯಂತೆ ಎಂದು ಸಾರಿಕೊಂಡು ಬಂದ. ಅಂದು ಮೂವರೂ ಹೊಟ್ಟೆ ತುಂಬ ಉಂಡು, ನಗಾಡಿ, ನಿದ್ದೆ ಮಾಡಿದರು. ಅವರ ಪಾಲಿಗೆ ಅಂಥ ದಿನ ಮತ್ತೆ ಬರಲಿಲ್ಲ.

ಕೆಮ್ಮು ಹೋಗಲಿಲ್ಲ. ಚಿತ್ರವೇ ಏನಿಲ್ಲ ಅಂದಮೇಲೆ ಕೆಮ್ಮಿಗೆ ಯಾರು ಬೆಲೆ ಕೊಡುತ್ತಾರೆ. ಅವನು ಮತ್ತೆ ಮಂಚಗಳಿಗೆ ಬಣ್ಣ ಎರಚಲು ಹೋದ. ಬಿಸಿಲುಗಾಲ ಕಳೆಯಿತು, ಮಳೆ ಬಂದು ಹೋಯಿತು. ಅಂಗಿ ಸಡಿಲವಾಯಿತು. ಮೆಟ್ಟಿಲು ಹತ್ತಿ ಅಕ್ಕನ ಕೋಣೆಗೆ ಬರುವುದನ್ನು ಬಿಟ್ಟು ಕೆಳಗಿನಿಂದಲೇ ಕೂಗತೊಡಗಿದ, ಆಮೇಲೆ ಕೂಗುವುದನ್ನೂ ಬಿಟ್ಟು ಪಾತ್ರೆ ಬಡಿದು ಕರೆಯತೊಡಗಿದ. ಅಕ್ಕ ಇದನ್ನೆಲ್ಲ ನೋಡುತ್ತಿದ್ದಳು. ಒಳಗೊಳಗೇ ಏನೋ ಕೊರೆಯುತ್ತಿದ್ದರೂ, ಚಿತ್ರ ತಾನೇ ಕಳಿಸಿದ್ದೇನಲ್ಲ, ವರದಿ ಬಂದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅವನು ಉಗಿದದ್ದರಲ್ಲಿ ಕೆಂಪು ಕಂಡಿತು.

ಅವಳು ನೇರ ಸೆಂಟರಿಗೆ ಬಂದು, ತಮ್ಮನ ಹಳೆಯ ಚಿತ್ರ ತೆಗೆದು ತೋರಿಸು ಎಂದು ಯಂತ್ರದವನನ್ನು ಕೇಳಿದಳು. ಅವನು ತೆಗೆದ. ನೋಡುತ್ತ ನೋಡುತ್ತ ಅವನ ಕೈ ನಿಂತುಹೋಯಿತು. ಬಲಗಡೆ, ಕೆಳಗೆ, ಒಂದು ಚುಕ್ಕೆ. ಅವನು ಡಾಕ್ಟರಲ್ಲ, ಆದರೆ ಎಷ್ಟು ಎದೆ ನೋಡಿದವನು.

"ವರದೀಲಿ ಏನು ಬರೆದಿದ್ರು?" ಎಂದು ಕೇಳಿದ.

"ಏನಿಲ್ಲ ಅಂತ."

"ಇದು ಕುರುಡನಿಗೂ ಕಾಣತ್ತೆ," ಎಂದು ಅವನು ಹಲ್ಲು ಕಡಿದ. ದೊಡ್ಡಾಸ್ಪತ್ರೆಯಲ್ಲಿ ಕೂತವರು ಕಣ್ಣುಮುಚ್ಚಿಕೊಂಡು ಸಹಿ ಹಾಕುತ್ತಾರೆ ಎಂದು ಬೈಯತೊಡಗಿದ. ಅವಳಿಗೆ ಅದು ಕೇಳಿಸಲಿಲ್ಲ. ತಮ್ಮ ಯಂತ್ರದ ಮುಂದೆ ಕೆಮ್ಮಿದ್ದು, ಇವನು ಎರಡನೆಯ ಸಲ ಕರೆದದ್ದು ಅವಳ ಕಣ್ಣ ಮುಂದೆ ಬಂದು ನಿಂತಿತ್ತು.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಳಿಸುವ ಪ್ರೋಗ್ರಾಮಿಗೆ ತರುವುದೂ ಗೊತ್ತು, ಎಲ್ಲಿಂದ ಎಲ್ಲಿಗೆ ಎನ್ನುವುದನ್ನು ಅದಲುಬದಲು ಮಾಡಿದರಾಯಿತು. ದೊಡ್ಡಾಸ್ಪತ್ರೆಯಲ್ಲಿದ್ದ ತಮ್ಮನ ಚಿತ್ರವನ್ನು ಇಲ್ಲಿಗೆ ತರಿಸಿ ಬಿಡಿಸಿ ನೋಡಿದಳು. ಪಕ್ಕೆಲುಬುಗಳ ಅಂಚು ತುಸು ಮಸುಕಾಗಿತ್ತು. ಕೆಳಭಾಗಕ್ಕೆ ತೆಳ್ಳಗೆ ಬೂದಿ ಬಳಿದಂತಿತ್ತು, ಓದಲಾರದಷ್ಟೇನೂ ಅಲ್ಲ. ಚುಕ್ಕೆ ಇರಲಿಲ್ಲ. ಡಾಕ್ಟರು ಇದನ್ನು ಓದಿದ್ದರು, ಇದನ್ನು ಮಾತ್ರ.

ಆ ಉದ್ದನೆಯ ಆಯ್ಕೆ ಇನ್ನೂ ಆಜ್ಞೆಯ ಸಾಲಿನಲ್ಲಿ ಹಾಗೇ ಕೂತಿತ್ತು, ಹಿಂದಿನ ದಿನವೂ ಅವಳು ಅದನ್ನು ಓಡಿಸಿದ್ದಳು. ಕಿಟಕಿಯಾಚೆ ಕಾಲುಗಳು ಓಡಾಡುತ್ತಿದ್ದವು. ಅವುಗಳಲ್ಲಿ ಯಾರು ಯಾರದು ಎರಡನೆಯ ಚಿತ್ರ ತೆಗೆಸಿಕೊಂಡು ಹೋದ ಕಾಲೋ, ಅವಳಿಗೆ ಗೊತ್ತಿರಲಿಲ್ಲ.

ಆಮೇಲಿನದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲಿಯವರೆಗೆ ಆದದ್ದು ತಪ್ಪು. ತಪ್ಪು ಯಾರಿಂದಲೂ ಆಗುತ್ತದೆ. ಅವಳು ಆ ಉದ್ದನೆಯ ಆಯ್ಕೆಯನ್ನು ಅಳಿಸಿದಳು. ಆ ಆಯ್ಕೆ ಹಾಕಿದ ದಿನದಿಂದ ತೆಗೆದ ಎಲ್ಲ ಚಿತ್ರಗಳನ್ನೂ ಮತ್ತೆ ಕಳಿಸಲು ಸಾಲು ಬರೆದಳು. ಟಿ ಹತ್ತಿರ ಬಂದಾಗ ಬೆರಳು ನಿಂತಿತು. ಟಿ ಬಿಟ್ಟರೆ ಪ್ರತಿ ಚಿತ್ರವೂ ಇವತ್ತಿನ ತಾರೀಕಿನಲ್ಲಿ ಡಾಕ್ಟರ ಪರದೆಯ ಮೇಲೆ ಬಂದು ಕೂರುತ್ತದೆ. ಇದೇನು ಎಂದು ಅವರು ಕೇಳುತ್ತಾರೆ. ಎಲ್ಲವನ್ನೂ ಮತ್ತೆ ಓದುತ್ತಾರೆ. ಯಾಕೆ ಹೀಗಾಯಿತು ಎನ್ನುವುದು ಮ್ಯಾನೇಜರಿಗೆ, ಯಂತ್ರದವನಿಗೆ, ತಮ್ಮನಿಗೆ ತಿಳಿಯುತ್ತದೆ. ಟಿ ಹಾಕಿದರೆ ಚಿತ್ರಗಳು ಮೊದಲಿನಿಂದಲೂ ಅಲ್ಲೇ ಇದ್ದವೇನೋ ಎಂಬಂತೆ ಸದ್ದಿಲ್ಲದೆ ಹೋಗಿ ತಮ್ಮ ಜಾಗದಲ್ಲಿ ಕೂರುತ್ತವೆ.

ಟಿ ಹಾಕಿದಳು. ಅಭ್ಯಾಸಬಲ ಎಂದು ಆಮೇಲೆ ಅವಳು ತನಗೆ ತಾನೇ ಹೇಳಿಕೊಂಡಳು, ಎಷ್ಟೋ ವರ್ಷದ ಅಭ್ಯಾಸ, ಬೆರಳು ತಾನಾಗಿ ಹೋಯಿತು ಎಂದು. ನಾವು ನಂಬಬೇಕಾಗಿಲ್ಲ. ಬೆರಳು ನಿಂತಿತ್ತು.

ಸಂಜೆಯವರೆಗೂ ಚಿತ್ರಗಳು ಹೋಗುತ್ತಲೇ ಇದ್ದವು. ಎಲ್ಲ ಹೋದ ಮೇಲೆ ಅವಳು ಚಿತ್ರ ಓದುವ ಡಾಕ್ಟರಿಗೆ ಫೋನು ಮಾಡಿ, ತಮ್ಮನಿಗೆ ಕೆಮ್ಮು ಜಾಸ್ತಿಯಾಗಿದೆ, ಅವನ ಹಳೆಯ ಚಿತ್ರವನ್ನು ಇನ್ನೊಮ್ಮೆ ನೋಡುತ್ತೀರಾ ಎಂದು ಕೇಳಿದಳು. ಈ ಡಾಕ್ಟರು ಲಕೋಟೆಯ ಕಾಲ ಮುಗಿದ ಮೇಲೆ ಬಂದವರು. ಅವಳು ಅವರ ಮುಖ ಕಂಡವಳಲ್ಲ, ದನಿ ಮಾತ್ರ ಗೊತ್ತು. ಮೆದು ದನಿ, ಅವಳಿಗಿಂತ ಚಿಕ್ಕವರದ್ದು. ನೋಡುತ್ತೇನೆ ಎಂದು ಅವರು ಚಿತ್ರ ತೆರೆದರು.

"ಇದು ಅವತ್ತಿಂದೇ ಚಿತ್ರನಾ ಅಕ್ಕ?"

"ಅವತ್ತಿಂದೇ," ಎಂದಳು. ಚಿತ್ರ ತೆಗೆದದ್ದು ಅವತ್ತೇ ತಾನೆ.

ನಾಳೆಯೇ ಕರೆದುಕೊಂಡು ಬನ್ನಿ ಎಂದು ಹೇಳಿ ಅವರು ಫೋನಿಟ್ಟರು. ಅವಳು ರಿಸೀವರ್ ಹಿಡಿದುಕೊಂಡೇ ಕೂತಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ತಮ್ಮನನ್ನು ಒಳಗೆ ಸೇರಿಸಿಕೊಂಡರು. ಚುಕ್ಕೆ ಈಗ ಚುಕ್ಕೆಯಾಗಿರಲಿಲ್ಲ. ಆಗಲೇ ಬಂದಿದ್ದರೆ ಸಣ್ಣದೊಂದು ಕೊಯ್ತದಲ್ಲಿ ಮುಗಿದುಹೋಗುತ್ತಿತ್ತು ಎಂದು ಅಲ್ಲಿಯ ದೊಡ್ಡ ಡಾಕ್ಟರು, ಹೇಳಬಾರದಿತ್ತೇನೋ, ಹೇಳಿಬಿಟ್ಟರು. ಈಗ ಕೊಯ್ಯುವಂತಿಲ್ಲ, ಔಷಧಿ ಹತ್ತಿಸುತ್ತೇವೆ, ಎಷ್ಟು ದಿನ ತಡೆಯುತ್ತದೋ ತಡೆಯಲಿ ಎಂದರು. ತಮ್ಮನ ಹೆಂಡತಿ ವಾರ್ಡಿನ ಬಾಗಿಲಲ್ಲೇ ಕುಸಿದು ಕೂತಳು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು: ಚಿತ್ರ ಓದಿದ ಆ ಡಾಕ್ಟರ ಕಣ್ಣು ಇಂಗಿಹೋಗಲಿ. ಗಂಡನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಅಡುಗೆಮನೆಯಲ್ಲಿ ಅನ್ನುತ್ತಿದ್ದಳು, ಬಟ್ಟೆ ಒಗೆಯುವಾಗ ಅನ್ನುತ್ತಿದ್ದಳು, ಗಂಡನಿಗೆ ಗಂಜಿ ಕುಡಿಸುವಾಗ ಅನ್ನುತ್ತಿದ್ದಳು. ಲಕೋಟೆಯಕ್ಕ ಪಕ್ಕದಲ್ಲೇ ಇದ್ದು ಎಲ್ಲವನ್ನೂ ಕೇಳುತ್ತಿದ್ದಳು. ಒಮ್ಮೊಮ್ಮೆ, ಹಾಗೆಲ್ಲ ಅನ್ನಬಾರದು ಎಂದು ಹೇಳಲು ಹೋಗಿ, ಯಾಕೆ ಅನ್ನಬಾರದು ಎಂದು ತಮ್ಮನ ಹೆಂಡತಿ ಕೇಳಿದರೆ ಏನು ಹೇಳುವುದೆಂದು ಸುಮ್ಮನಾಗುತ್ತಿದ್ದಳು.

ಸೆಂಟರಿನಲ್ಲಿ ಕೆಲಸ ಎಂದಿನಂತೆ ನಡೆಯಿತು. ಈಗ ಮರುಚಿತ್ರಗಳು ಸರಿಯಾಗಿ ಹೋಗುತ್ತಿದ್ದವು. ತಂತಿ ಮತ್ತೆ ನಿಧಾನವಾಯಿತು, ಮಂತ್ರ ಕೆಟ್ಟಿತೇನಮ್ಮ ಎಂದು ಮ್ಯಾನೇಜರು ಕೇಳಿ ಹೋದರು. ಆದರೆ ಆ ತಿಂಗಳುಗಳಲ್ಲಿ ಸಿಕ್ಕಿಬಿದ್ದ ಬೇರೆಯವರ ಚಿತ್ರಗಳು ದೊಡ್ಡಾಸ್ಪತ್ರೆಯ ಕಂಪ್ಯೂಟರಿನಲ್ಲಿ ಹಳೆಯ ತಾರೀಕು ಹೊತ್ತುಕೊಂಡು ಕೆಳಗೆಲ್ಲೋ ಬಿದ್ದಿದ್ದವು. ಅವುಗಳ ವರದಿ ಎಂದೋ ಹೋಗಿಯಾಗಿತ್ತು, ಇನ್ನು ಯಾರೂ ತೆರೆದು ನೋಡುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಕಿಟಕಿಯಾಚೆ ಯಾರಾದರೂ ನಿಂತು ಕೆಮ್ಮಿದರೆ ಅವಳು ಕೀಬೋರ್ಡಿನಿಂದ ಕೈ ತೆಗೆದುಬಿಡುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ತಮ್ಮನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ, ಒಪ್ಪೋಣ. ಆ ಗುರುತಿಲ್ಲದವರಿಗಾಗಿಯಾದರೂ ಒಂದು ಮಾತು ಬರಬೇಕಿತ್ತು.

ಚಿತ್ರ ಓದುವ ಡಾಕ್ಟರು ಓದುವುದನ್ನೇ ನಿಲ್ಲಿಸಿ ರಜೆ ಹಾಕಿದ್ದಾರೆ ಎಂಬ ಸುದ್ದಿಯನ್ನು ಯಂತ್ರದವನು ತಂದ. ಮಾಡಿದ್ದುಣ್ಣಲಿ ಎಂದ. ಅವಳು ಕೋಣೆಗೆ ಇಳಿದು ಹೋದಳು.

ಒಂದು ರಜೆಯ ದಿನ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತಮ್ಮ ಮುಂದಿನ ಕೋಣೆಯ ಮಂಚದ ಮೇಲೆ ಒರಗಿ ಕೂತಿದ್ದ. ಅವನೇ ಪಾಲಿಶ್ ಹೊಡೆದ ಮಂಚ. ಅಕ್ಕ ಬಾಗಿಲು ತೆಗೆದಳು. ಸಣಕಲು ಮನುಷ್ಯ, ಕ್ಷೌರ ಮಾಡಿಲ್ಲ, ಕೈಯಲ್ಲೊಂದು ಹಣ್ಣಿನ ಚೀಲ. ಯಾರು ಬೇಕು ಎಂದಳು. ಅವರು ಬಾಯಿ ತೆರೆದ ಕೂಡಲೇ ದನಿಯಿಂದ ಗುರುತು ಹತ್ತಿತು.

ಡಾಕ್ಟರು ಒಳಗೆ ಬಂದು, ಕೂತುಕೊಳ್ಳಿ ಎಂದರೂ ಕೂರದೆ, ಮಂಚದ ಮುಂದೆ ನಿಂತರು.

"ನಿಮ್ಮ ಚಿತ್ರ ಓದಿದವನು ನಾನು," ಎಂದರು. "ಅದರಲ್ಲಿ ಇತ್ತು. ನಂಗೆ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಅಂತ ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗ್ತಿಲ್ಲ. ಹೇಳಿ ಹೋಗೋಣ ಅಂತ ಬಂದೆ. ತಪ್ಪು ನಂದೇ."

ತಮ್ಮನ ಹೆಂಡತಿ ಅವರನ್ನು ಸುಡುವಂತೆ ನೋಡಿ, ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅಕ್ಕ ಅಡುಗೆಮನೆಗೆ ಹೋಗಿ ಟೀ ಬಿಸಿ ಮಾಡಿ ತಂದಳು. ಏನಾದರೊಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು ಅವಳಿಗೆ.

ತಮ್ಮ ಡಾಕ್ಟರನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡುವಷ್ಟು ಉಸಿರೂ ಇರಲಿಲ್ಲ. "ದಿನಾ ಎಷ್ಟು ಎದೆ ನೋಡ್ತೀರೋ ಏನೋ," ಎಂದ, ನಿಲ್ಲಿಸಿ ನಿಲ್ಲಿಸಿ. "ನಾನೂ ಒಂದ್ಸಲ ಮೇಜಿನ ಮೂರು ಕಾಲಿಗೆ ಪಾಲಿಶ್ ಹೊಡ್ದು ನಾಕನೇದು ಮರ್ತು ಕಳ್ಸಿದ್ದೆ. ಬಿಡಿ ಡಾಕ್ಟ್ರೇ. ಅಕ್ಕನ ಹಾಗೆ ಎಲ್ರೂ ಇರಕ್ಕಾಗತ್ತಾ. ಅವಳು ಕಳಿಸಿದ್ರಲ್ಲಿ ಇವತ್ತಿನವರೆಗೆ ಒಂದು ತಪ್ಪಿಲ್ಲ."

ಅಕ್ಕ ಕೈಯಲ್ಲಿದ್ದ ಲೋಟಗಳನ್ನು ನೆಲದ ಮೇಲಿಟ್ಟಳು. ಡಾಕ್ಟರು ಬೈಸಿಕೊಳ್ಳಲೆಂದು ಬಂದವರು, ಕ್ಷಮೆ ಸಿಕ್ಕಿದ್ದಕ್ಕೆ ಇನ್ನೂ ಕುಗ್ಗಿಹೋಗಿ ತಲೆ ತಗ್ಗಿಸಿ ನಿಂತಿದ್ದರು.

"ನೀವು ಆ ಚಿತ್ರ ನೋಡೇ ಇಲ್ಲ ಡಾಕ್ಟ್ರೇ," ಎಂದಳು.

ಒಮ್ಮೆ ಶುರುವಾದ ಮೇಲೆ ಅವಳು ನಿಲ್ಲಿಸಲಿಲ್ಲ. ಕೆಮ್ಮಿದಾಗ ತೆಗೆದ ಚಿತ್ರ ಮೊದಲು ಹೋದದ್ದು, ಒಳ್ಳೆಯದು ಹಿಂದಿನಿಂದ ಬಂದರೂ ಹೋಗದೆ ಉಳಿದದ್ದು, ಹೋಗಬೇಡ ಎಂದು ಹೇಳಿದ್ದು ತಾನೇ ಎನ್ನುವುದು, ಎಲ್ಲವನ್ನೂ ನೆಲ ನೋಡುತ್ತ ಹೇಳಿದಳು. ಸಂಜೆ ಬೇಗ ಮನೆಗೆ ಬರುವುದಕ್ಕಾಗಿ ಹಾಗೆ ಮಾಡಿದ್ದು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅದೊಂದು ನೆಪದಂತೆ ಕೇಳಿಸುತ್ತಿತ್ತು.

ಡಾಕ್ಟರ ಮುಖ ಬದಲಾಯಿತು. ಎದೆಯ ಮೇಲಿನ ಕಲ್ಲು ಇಳಿದವರ ಮುಖ. ಅದು ಸರಿಯಲ್ಲವೆಂದು ಅವರಿಗೇ ಹೊಳೆದು ಬೇಗ ಮರೆಸಿಕೊಳ್ಳಲು ನೋಡಿದರು. ತಮ್ಮ ಅದನ್ನು ಕಂಡ. ಆದರೂ ಅಕ್ಕನ ಕಡೆ ಕೈ ಚಾಚಿ, ತಿಳಿಯದೆ ಆದದ್ದು, ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗಿದ್ದೆ ಎಂದು ಏನೋ ಹೇಳಲು ಹೊರಟಿದ್ದ. ಅಷ್ಟರಲ್ಲಿ ಡಾಕ್ಟರು ನಡುವೆ ಮಾತಾಡಿದರು, ಅವಳನ್ನು ಸಿಕ್ಕಿಸಬೇಕೆಂದಲ್ಲ, ಅರ್ಥವಾಗದೆ.

"ಆದ್ರೆ ತಾರೀಕು? ನಾನು ತಾರೀಕು ನೋಡ್ದೆ ಅಕ್ಕ. ದಿನಾ ರಾತ್ರಿ ನೋಡ್ತಿದ್ದೆ. ಅದು ಅವತ್ತಿಂದೇ ಇತ್ತು."

ತಮ್ಮನ ಕೈ ಅರ್ಧಕ್ಕೆ ನಿಂತಿತು. ಮರಕ್ಕೆ ಬಣ್ಣ ಹೊಡೆಯುವವನಿಗೆ ಕಂಪ್ಯೂಟರಿನ ವಿಷಯ ಏನೂ ಗೊತ್ತಿರಲಿಲ್ಲ. ಹಳೆಯದನ್ನು ಹೊಸದರ ಹಾಗೆ, ಹೊಸದನ್ನು ಹಳೆಯದರ ಹಾಗೆ ಕಾಣಿಸುವ ಕೆಲಸ ಮಾತ್ರ ಚೆನ್ನಾಗಿ ಗೊತ್ತಿತ್ತು.

"ಆ ತಾರೀಕು ಅದಾಗೇ ಬೀಳತ್ತಾ ಅಕ್ಕ, ಇಲ್ಲಾ ನೀನು ಹಾಕಿದ್ದಾ?"

ಅದಾಗೇ ಬೀಳುತ್ತದೆ ಎಂದುಬಿಟ್ಟಿದ್ದರೆ ಆ ಕೋಣೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ತಮ್ಮನ ಮುಖವನ್ನು ನೋಡಿದಳು.

"ನಾನು ಹೇಳಿದ್ರೆ ಬೀಳತ್ತೆ," ಎಂದಳು. "ಹೇಳದೆ ಬಿಡಬಹುದಿತ್ತು. ಬಿಡಲಿಲ್ಲ."

ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹೊದಿಕೆಯೊಳಗೆ ಇಟ್ಟುಕೊಂಡ. ಡಾಕ್ಟರಿಗೆ ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆದಿತ್ತು. ಆ ತಿಂಗಳುಗಳಲ್ಲಿ ಎರಡನೆಯ ಸಲ ಚಿತ್ರ ತೆಗೆಸಿಕೊಂಡವರು ಇನ್ನೂ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದಳು. ಅವೂ ಹಳೆಯ ತಾರೀಕಿನಲ್ಲೇ ಹೋಗಿವೆಯೇ ಎಂದರು. ಹೌದು ಎಂದಳು. ಹಾಗಾದರೆ ಅವನ್ನು ಯಾರೂ ಓದಿಲ್ಲ ಎಂದು ಡಾಕ್ಟರು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಅವರ ಮುಖದ ನಿರಾಳ ಹೊರಟುಹೋಗಿತ್ತು.

"ಇವತ್ತೇ ಓದಕ್ಕಾಗತ್ತಾ ಡಾಕ್ಟ್ರೇ?" ಎಂದು ತಮ್ಮ ಕೇಳಿದ.

ಆಗುತ್ತದೆ, ಯಾವ ಯಾವ ಚಿತ್ರ ಎಂದು ತೋರಿಸುವವರು ಜೊತೆಗಿದ್ದರೆ ಆಗುತ್ತದೆ ಎಂದರು.

"ಅಕ್ಕ, ನೀನೂ ಹೊರಡು."

ಅವಳು, ನಿನ್ನ ಮಾತ್ರೆಯ ಹೊತ್ತಾಯಿತು, ಕೊಟ್ಟು ಹೋಗುತ್ತೇನೆ ಎಂದಳು. ಹುಟ್ಟಿದಾಗಿನಿಂದ ಅವನು ಅವಳನ್ನು ಇರು ಎಂದಿದ್ದನೇ ಹೊರತು ಹೊರಡು ಎಂದವನಲ್ಲ.

"ಮಾತ್ರೆ ಅವಳು ಕೊಡ್ತಾಳೆ. ನೀನು ಹೊರಡು."

ಹೇಳಿ ಅವನು ಗೋಡೆಯ ಕಡೆ ತಿರುಗಿಕೊಂಡ. ತಿರುಗುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು, ಮತ್ತು ಅಕ್ಕ ಅವನಿಗೆ ಕೈ ಕೊಡಲು ಹೋಗಲಿಲ್ಲ. ಅವಳು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಒಂದು ಗಳಿಗೆ ನಿಂತು ಅವನ ಬೆನ್ನನ್ನು ನೋಡಿದಳು. ಆಮೇಲೆ ಬೀದಿಗಿಳಿದು ಡಾಕ್ಟರ ಹಿಂದೆ ನಡೆದಳು.